ತುಕ್ಕಿನ ಹೆಪ್ಪು

ಹೇಳಬೇಕಾದ ಒಂದು ಮಾತನ್ನು ನಾನು ಹೇಳಲಿಲ್ಲ. ಜಗಳೂರಿನ ನಮ್ಮ ಮಂಡಕ್ಕಿ ಭಟ್ಟಿಯ ಹಿತ್ತಲಲ್ಲಿ ನನ್ನ ತಂಗಿ ಹಾಲಮ್ಮ ಓಣಿಯ ಜನರೆಲ್ಲರ ಎದುರು ತಲೆ ತಗ್ಗಿಸಿ ನಿಂತಿದ್ದಳು. "ತಪ್ಪು ಅವಳದಲ್ಲ, ನನ್ನದು" ಎಂದು ನಾನು ಮುಂದೆ ಬಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂದು ಹೇಳಲಿಲ್ಲ. ಅವಳು ಮದುವೆಯಾಗಿ ಹೋಗುವಾಗ ಹೇಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಹಬ್ಬಕ್ಕೆ, ಬಾಣಂತನಕ್ಕೆ, ಸಾವಿಗೆ ಎಂದು ಇಬ್ಬರೂ ಎಷ್ಟೋ ಸಲ ಒಂದೇ ಚಾಪೆಯ ಮೇಲೆ ಕೂತಿದ್ದೇವೆ. ಆಗಲೂ ಹೇಳಲಿಲ್ಲ.

ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಬರೆಯುವ ರೂಢಿಯಿಲ್ಲ. ಆದರೂ ಬರೆಯಲು ಕೂತಿದ್ದು ಒಂದು ಲೋಟ ಚಾದಿಂದ.

ಹೋದ ತಿಂಗಳು ನ್ಯಾಮತಿಗೆ ಹೋಗಿದ್ದೆ. ಹಾಲಮ್ಮನ ಮನೆ ಅಲ್ಲಿದೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ಕೈಕಾಲು ತೊಳೆದು ಕೂತ ಮೇಲೆ ಅವಳ ಸೊಸೆ ಚಾ ತಂದುಕೊಟ್ಟಳು. ಹಾಲು ಹಾಕಿದ ಚಾ, ಆದರೆ ಬಣ್ಣ ಒಲೆಯ ಬೂದಿ ಕಲಸಿದ ಹಾಗೆ ಇತ್ತು. ನಾನು ಲೋಟವನ್ನೇ ನೋಡುತ್ತಿದ್ದುದನ್ನು ಕಂಡು ಆ ಹುಡುಗಿಗೆ ನಾಚಿಕೆಯಾಯಿತು.

"ಹೊಸಾ ಬೋರಿನ ನೀರು ದೊಡ್ಡತ್ತೆ. ನಲ್ಲಿ ಬರದಿದ್ದ ದಿನ ಇದೇ ಗತಿ. ಚಾ ಪುಡಿ ಹಾಕಿದ ಕೂಡ್ಲೇ ಕಪ್ಪಾಗ್ತತಿ."

ಆ ಕಪ್ಪು ನನಗೆ ಗೊತ್ತಿತ್ತು. ಕಬ್ಬಿಣ ಇರುವ ನೀರಿಗೆ ಒಗರಾದದ್ದು ಏನು ಬಿದ್ದರೂ ಬರುವ ಕಪ್ಪು ಅದು. ಅದನ್ನು ನನಗೆ ಕಲಿಸಿದವಳು ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳು.

ಎಂಬತ್ತರ ದಶಕದ ನಡುವಿನ ಮಾತು. ನನ್ನನ್ನು ಚನ್ನಗಿರಿಯಿಂದ ಜಗಳೂರಿಗೆ ಕೊಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ನಮ್ಮ ಯಜಮಾನರು ರುದ್ರಪ್ಪನವರು ಮನೆಯ ಹಿಂದೆ ಮಂಡಕ್ಕಿ ಭಟ್ಟಿ ಹಾಕಿದ್ದರು. ದೊಡ್ಡದಲ್ಲ, ಎರಡು ಒಲೆಯದು. ಭತ್ತವನ್ನು ನೆನೆಸಿ, ಕುದಿಸಿ, ಒಣಗಿಸಿ, ಗಿರಣಿಯಲ್ಲಿ ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಕೆಂಡದಂತೆ ಕಾದ ಮರಳಿನ ಬಾಣಲೆಗೆ ಹಾಕಿದರೆ ಒಂದು ಕೈ ಆಡಿಸುವಷ್ಟರಲ್ಲಿ ಅರಳುತ್ತದೆ. ಕೂಡಲೇ ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಈ ಕೆಲಸದಲ್ಲಿ ಬೆಂಕಿಗಿಂತ ಹೆಚ್ಚು ನೀರು ಬೇಕು ಎಂದರೆ ಹೊರಗಿನವರು ನಂಬುವುದಿಲ್ಲ.

ಆ ನೀರೇ ಕೈಕೊಟ್ಟಿತ್ತು. ಓಣಿಯ ಸೇದುವ ಬಾವಿ ತಳ ಕಂಡಿತು. ಸರ್ಕಾರದವರು ಬೋರು ಹಾಕಿಸಿ ಕೈಪಂಪು ಕೂರಿಸಿದರು. ಮೊದಲ ದಿನ ನೀರು ಬಂದಾಗ ಕಾಯಿ ಒಡೆದೆವು. ಪಂಪಿನಿಂದ ಬೀಳುವಾಗ ಕನ್ನಡಿಯಂತಹ ನೀರು. ಕೊಡದಲ್ಲಿಟ್ಟರೆ ಸಂಜೆಗೆ ಹಳದಿ, ಬೆಳಿಗ್ಗೆಗೆ ತಳದಲ್ಲಿ ಕೆಮ್ಮಣ್ಣಿನಂತಹ ಗಸಿ. ಅನ್ನ ಕೆಂಪು, ಪಂಚೆ ಕೆಂಪು, ಮಕ್ಕಳ ಲಂಗೋಟಿ ಕೆಂಪು. ಉಳಿದವರು ಬೈದುಕೊಂಡು ಬಳಸುತ್ತಿದ್ದರು. ನಾವು ಬೈದುಕೊಂಡು ಬಳಸುವ ಹಾಗಿರಲಿಲ್ಲ. ಮಂಡಕ್ಕಿ ಬೆಳ್ಳಗಿದ್ದರೆ ಮಾತ್ರ ಮಂಡಕ್ಕಿ.

ಪೇಟೆಯ ಅಂಗಡಿಯವನೊಬ್ಬ ಚೀಲ ಬಿಚ್ಚಿ ನೋಡಿ, "ರುದ್ರಪ್ಪಾರೆ, ಮಂಡಕ್ಕಿಗೆ ಯಾವ ಮಠದಾಗೆ ಕಾವಿ ಕೊಡಿಸಿದ್ರಿ?" ಎಂದನಂತೆ. ಯಜಮಾನರು ಆ ಮಾತನ್ನು ಮನೆಯಲ್ಲಿ ನಗುತ್ತಲೇ ಹೇಳಿದರು. ಊಟಕ್ಕೆ ಕೂತಾಗ ಮಾತ್ರ ಬೇರೆ ದನಿಯಲ್ಲಿ, "ಮಳೆಗಾಲದೊಳಗೆ ನೀರಿಗೆ ಏನಾದ್ರೂ ದಾರಿ ಆಗ್ಲಿಲ್ಲ ಅಂದ್ರೆ ಭಟ್ಟಿ ಆರಿಸೋದೇ" ಎಂದರು.

ಹಾಲಮ್ಮ ಬಂದದ್ದು ಆ ಬೇಸಿಗೆಯಲ್ಲಿ. ನನಗೆ ಎರಡನೆಯ ಮಗು ಹುಟ್ಟಿ ಮೂರು ತಿಂಗಳಾಗಿತ್ತು. ಕೈಗೆ ಆಸರೆಯಾಗಲಿ ಎಂದು ಅವ್ವ ಚನ್ನಗಿರಿಯಿಂದ ಕಳಿಸಿದ್ದಳು. ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಓದು ನನಗಿಂತ ಸ್ವಲ್ಪ ಹೆಚ್ಚು, ಬಹಳವೇನಲ್ಲ. ಒಂದು ಗುಣ ಮಾತ್ರ ಚಿಕ್ಕಂದಿನಿಂದ ಇತ್ತು. ಏನನ್ನಾದರೂ ನೋಡತೊಡಗಿದರೆ ಕರೆದರೂ ಕೇಳಿಸುತ್ತಿರಲಿಲ್ಲ.

ಬಂದು ಕೆಲವೇ ದಿನಗಳಲ್ಲಿ ಅವಳು ಬೋರಿನ ಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಅಲ್ಲಿ ಯಾರೋ ಎಸೆದಿದ್ದ ಒಡಕು ಪ್ಲಾಸ್ಟಿಕ್ ಕೊಡವೊಂದು ಬಿದ್ದಿತ್ತು. ಆಗ ಪ್ಲಾಸ್ಟಿಕ್ ಕೊಡಗಳು ಹೊಸದಾಗಿ ಬಂದಿದ್ದವು. ಹಗುರ ಎಂದು ಎಲ್ಲರೂ ಕೊಂಡರು. ಬಿಸಿಲಿಗೆ ಸೀಳುತ್ತಿದ್ದವು, ಕಲಾಯಿಯವನ ಹತ್ತಿರ ಒಯ್ಯುವ ಹಾಗಿಲ್ಲ, ಒಲೆಗೆ ಹಾಕಿದರೆ ಕರಿ ಹೊಗೆ. ಓಣಿಯ ತುದಿಯಲ್ಲಿ ಹಸಿರು, ಕೆಂಪು, ನೀಲಿ ಕೊಡಗಳ ರಾಶಿಯೇ ಬಿದ್ದಿತ್ತು.

"ಅಕ್ಕ, ಈ ಒಡಕು ಕೊಡದಾಗೆ ನಿಂತಿರೋ ನೀರು ನೋಡು. ತಿಳಿಯಾಗೈತೆ. ನಿನ್ನ ಹೊಸಾ ಕೊಡದಾಗೆ ಯಾಕೆ ಕೆಂಪಾಗ್ತತಿ?"

"ಅದು ಬಿಟ್ಟಿ ಬಿದ್ದಿರೋ ಕೊಡ. ಇದು ದುಡ್ಡು ಕೊಟ್ಟಿರೋದು. ಅದಕ್ಕೆ," ಎಂದೆ ನಾನು.

ಅವಳು ನಗಲಿಲ್ಲ. ಒಡಕು ಕೊಡದ ಒಳಗೋಡೆಯ ಮೇಲೆ ದಪ್ಪಗೆ ಕಾವಿ ಬಣ್ಣದ ಪೊರೆ ಕಟ್ಟಿತ್ತು. ಅದರ ಮೇಲೆ ಬೆರಳಾಡಿಸಿ, "ಇದು ನೀರಿನಾಗಿಂದ ಬಂದು ಇಲ್ಲಿ ಕೂತೈತೆ. ಮೊದಲೇ ಕೂತಿರೋರು ಇದ್ರೆ ಆಮೇಲೆ ಬಂದೋರೂ ಅಲ್ಲೇ ಕೂತ್ಕಂತಾರೆ," ಎಂದಳು.

ಹೀಗೆ ಶುರುವಾಯಿತು. ಅವಳು ಒಡಕು ಕೊಡಗಳನ್ನು ಕುಡುಗೋಲಿನಿಂದ ಸೀಳಿ, ಅಡಿಕೆ ಹೋಳಿನಷ್ಟು ಸಣ್ಣ ಚೂರು ಮಾಡಿದಳು. ತಳಕ್ಕೆ ತೂತು ಹಾಕಿದ ಕೊಡದಲ್ಲಿ ತುಂಬಿ ನೀರು ಹೊಯ್ದಳು. ನೀರು ಹೋದ ಹಾಗೆಯೇ ಬಂತು. ಪ್ಲಾಸ್ಟಿಕ್ಕು ನುಣುಪು, ಅದರ ಮೇಲೆ ಏನೂ ಕೂರುತ್ತಿರಲಿಲ್ಲ. ಚೂರುಗಳನ್ನು ಕಲ್ಲಿನ ಮೇಲೆ ತಿಕ್ಕಿ ನೋಡಿದಳು. ಅಂಗೈಗೆ ಬೊಬ್ಬೆ ಬಂತೇ ಹೊರತು ಅವು ಒರಟಾಗಲಿಲ್ಲ.

ಒಂದು ದಿನ ಭಟ್ಟಿಯ ಕೆಲಸ ಮುಗಿದು ಒಲೆ ಆರುತ್ತಿದ್ದಾಗ, ಹಳೆಯ ತೂತು ಬಾಣಲೆಯೊಂದರಲ್ಲಿ ಬಿಸಿ ಮರಳು ಹಾಕಿಕೊಂಡು ಅದಕ್ಕೆ ಈ ಚೂರುಗಳನ್ನು ಸುರಿದಳು. ನಾವು ಮಂಡಕ್ಕಿ ಹುರಿಯುವಂತೆಯೇ ಕೈ ಆಡಿಸಿ ಜರಡಿಗೆ ಹಾಕಿದಳು. ಚೂರುಗಳು ಮೆತ್ತಗಾಗಿ, ಮೈಯೆಲ್ಲ ಮರಳು ಅಂಟಿಸಿಕೊಂಡು, ರವೆ ಉಂಡೆಯ ಹಾಗೆ ಹೊರಬಂದವು. ತಣ್ಣಗಾದ ಮೇಲೆ ಉಗುರಿನಿಂದ ಕೆರೆದರೂ ಮರಳು ಬಿಡಲಿಲ್ಲ.

ವಾಸನೆಗೆ ಯಜಮಾನರು ಓಡಿ ಬಂದರು. "ಏನಮ್ಮಾ ಇದು? ನನ್ನ ಮಂಡಕ್ಕಿಗೆ ಕೊಡ ಸುಟ್ಟ ವಾಸನೆ ಬಂದ್ರೆ ನಿನ್ನನ್ನೇ ಬಾಣಲೆಗೆ ಹಾಕಿ ಅರಳಿಸ್ತೀನಿ ನೋಡು."

"ಬಾಣಲೆ ಬ್ಯಾರೆ, ಮರಳು ಬ್ಯಾರೆ, ಭಾವ. ನಿಮ್ಮ ಮಂಡಕ್ಕಿ ಆಗಲೇ ಸನ್ಯಾಸಿ ಆಗೈತಲ್ಲ, ವಾಸನೆ ಬಂದ್ರೂ ಅದಕ್ಕೇನು ಬೇಜಾರಿಲ್ಲ ಬಿಡ್ರಿ."

ಯಜಮಾನರು ನಕ್ಕುಬಿಟ್ಟರು. ಅವರನ್ನು ಹಾಗೆ ನಗಿಸಲು ನನಗೆ ಎಂದೂ ಬಂದಿರಲಿಲ್ಲ.

ಆಮೇಲೆ ಓಣಿಯಲ್ಲಿ ಒಡಕು ಕೊಡಕ್ಕೆ ಬೆಲೆ ಬಂತು. ಹಾಲಮ್ಮ ಕೊಡ ತಂದವರಿಗೆ ಬಣ್ಣಗೆಟ್ಟ ಮಂಡಕ್ಕಿಯನ್ನು ಮೊರದಲ್ಲಿ ಅಳೆದು ಕೊಡುತ್ತಿದ್ದಳು. ಎದುರುಮನೆಯ ಕೊಟ್ರಮ್ಮ ಚೆನ್ನಾಗಿದ್ದ ಕೊಡವನ್ನೇ ಒಳಗೆ ಹೋಗಿ ಒಡೆದುಕೊಂಡು ಬಂದು ಸಿಕ್ಕಿಬಿದ್ದಳು. "ಹಳೇದು ಕಣೇ, ಇವತ್ತಲ್ಲ ನಾಳೆ ಒಡೀತಿತ್ತು," ಎಂದು ಅವಳ ವಾದ.

ಮರಳು ಹಚ್ಚಿದ ಚೂರುಗಳನ್ನು ಮೂರು ತೂತಿನ ಕೊಡಗಳಲ್ಲಿ ತುಂಬಿ, ಮರದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಕೂರಿಸಿದಳು. ಮೇಲಿನದಕ್ಕೆ ನೀರು ಹೊಯ್ದರೆ ಹನಿಹನಿಯಾಗಿ ಇಳಿದು ಕೆಳಗಿನ ಮಡಕೆಗೆ ಬೀಳುತ್ತಿತ್ತು. ಮೊದಲ ವಾರ ಏನೂ ಆಗಲಿಲ್ಲ. ಕೆಂಪು ನೀರೇ ಬಂತು. ಅವಳು ಬಿಡದೆ ದಿನವೂ ಹೊಯ್ದಳು. ನಿಧಾನವಾಗಿ ಚೂರುಗಳ ಹಸಿರು, ನೀಲಿ ಎಲ್ಲ ಮುಚ್ಚಿಹೋಗಿ ಕಾವಿ ಪೊರೆ ಹತ್ತಿತು. ಪೊರೆ ಬಲಿತ ಹಾಗೆ ಕೆಳಗಿನ ನೀರು ತಿಳಿಯಾಗುತ್ತ ಬಂತು.

ಅದನ್ನು ಪರೀಕ್ಷಿಸಲು ಅವಳ ಹತ್ತಿರ ಒಂದು ಉಪಾಯವಿತ್ತು. ನಮ್ಮ ಅಪ್ಪ ಚನ್ನಗಿರಿಯಲ್ಲಿ ಅಡಿಕೆ ಬೇಯಿಸುವ ಕಣದಲ್ಲಿ ಕೆಲಸಕ್ಕಿದ್ದರು. ಅಡಿಕೆ ಬೆಂದ ಮೇಲೆ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಅದು ಕತ್ತಿಗೆ ತಾಗಿದರೆ ಕತ್ತಿ ಕಪ್ಪಾಗುವುದನ್ನು ನಾವಿಬ್ಬರೂ ಚಿಕ್ಕಂದಿನಲ್ಲಿ ನೋಡಿದ್ದೆವು. ನಾನು ನೋಡಿ ಬಿಟ್ಟಿದ್ದೆ. ಅವಳು ಒಂದು ಸೀಸೆ ಚೊಗರನ್ನು ಬರುವಾಗಲೇ ತಂದಿದ್ದಳು, ಸೀರೆಗೆ ಬಣ್ಣ ಹಾಕಲು. ಪಂಪಿನ ನೀರಿಗೆ ಎರಡು ಹನಿ ಬಿಟ್ಟರೆ ಲೋಟವೆಲ್ಲ ಮಸಿಯಂತೆ ಕಪ್ಪು. ಮೂರು ಕೊಡ ಇಳಿದು ಬಂದ ನೀರಿಗೆ ಬಿಟ್ಟರೆ ಚೊಗರಿನ ಕೆಂಪು ಹಾಗೆಯೇ ಉಳಿಯಿತು.

ಆ ನೀರಿನಲ್ಲಿ ಒಂದು ಸಲದ ಭತ್ತ ನೆನೆಸಿ ಕುದಿಸಿದೆವು. ಬಾಣಲೆಯಿಂದ ಮಂಡಕ್ಕಿ ಬೆಳ್ಳಗೆ ಎದ್ದಿತು. ಯಜಮಾನರು ಒಂದು ಹಿಡಿ ಅಂಗೈಯಲ್ಲಿ ಹಿಡಿದುಕೊಂಡು ಬೀದಿಗೆ ಹೋಗಿ ಬಂದವರಿಗೆಲ್ಲ ತೋರಿಸಿದರು. ಒಳಗೆ ಬಂದು ನನಗೆ, "ನೀಲಾ, ನೀನು ಇಷ್ಟು ದಿನ ನೀರನ್ನ ಬೈದೆ. ನಿನ್ನ ತಂಗಿ ನೋಡಿದಳು. ಅಷ್ಟೇ ವ್ಯತ್ಯಾಸ," ಎಂದರು. ಅವರು ಚುಚ್ಚಬೇಕೆಂದು ಹೇಳಿದ್ದಲ್ಲ. ನನಗೆ ಚುಚ್ಚಿತು.

ಆ ದಿನಗಳಲ್ಲೇ ನಾನು ಕೊಡಗಳ ಬಾಯಿಯೊಳಗೆ ಇಣುಕಿ, "ಒಳಗೆಲ್ಲ ರಾಡಿ ಆಗೈತಲ್ಲೇ, ಒಂದ್ಸಲ ತೊಳೆದಿಡೋಣೇನು?" ಎಂದು ಕೇಳಿದ್ದೆ.

ಹಾಲಮ್ಮ ಓಡಿ ಬಂದು ನನ್ನ ಕೈ ಹಿಡಿದಳು. "ಬ್ಯಾಡ ಅಕ್ಕ! ಅದೇ ಕೆಲಸ ಮಾಡೋದು. ಪ್ಲಾಸ್ಟಿಕ್ಕು ಬರೀ ಪಾತ್ರೆ ಇದ್ದಂಗೆ, ಈ ತುಕ್ಕೇ ಹೆಪ್ಪು. ಹೆಪ್ಪು ತೊಳೆದುಬಿಟ್ರೆ ಮೊಸರು ಹೆಂಗೆ ಆಗ್ತತಿ?"

"ತುಕ್ಕು ತೆಗೆಯಾಕೆ ತುಕ್ಕೇ ಬೇಕಾ? ಚೆನ್ನಾಗೈತೆ ನಿನ್ನ ಲೆಕ್ಕ," ಎಂದು ನಾನು ನಕ್ಕೆ. ಆದರೆ ಮಾತು ಕಿವಿಗೆ ಬಿದ್ದಿತ್ತು.

ಪಂಪು ರಿಪೇರಿಗೆ ಬಂದಿದ್ದ ಎಂಜಿನಿಯರನ್ನು ಯಜಮಾನರು ಕೈ ಹಿಡಿದು ಹಿತ್ತಲಿಗೆ ಕರೆತಂದರು. ಇನ್ನೂ ವಯಸ್ಸಿನ ಹುಡುಗ, ಸಮಾಧಾನದ ಮನುಷ್ಯ. ಚೌಕಟ್ಟಿನ ಸುತ್ತ ಒಂದು ಸುತ್ತು ಬಂದು, ನೀರು ಕುಡಿದು, ಹಾಲಮ್ಮನನ್ನು ಏನೇನೋ ಕೇಳಿದರು. ಅವಳು ಕಂಬದ ಮರೆಯಲ್ಲಿ ನಿಂತೇ ಉತ್ತರ ಕೊಟ್ಟಳು. ಕೊನೆಗೆ ಅವರು, "ಸೋಮವಾರ ಬರ್ತೀನಿ. ಪಂಚಾಯ್ತಿ ಹಿರೇರನ್ನೂ ಕರೀರಿ. ಎಲ್ಲರ ಎದುರು ಒಂದ್ಸಲ ಮಾಡಿ ತೋರಿಸ್ರಿ. ಅವರು ಹೂಂ ಅಂದ್ರೆ ಬೋರಿನ ಪಕ್ಕ ತೊಟ್ಟಿ ಕಟ್ಟಿಸಿ ಇದನ್ನೇ ದೊಡ್ಡದು ಮಾಡೋಣ. ನೋಡಿಕೊಳ್ಳೋ ಕೆಲಸ ಈ ತಾಯಿಗೇ ಕೊಡಿಸೋಣ," ಎಂದರು.

ಅಷ್ಟರಲ್ಲಿ ಚನ್ನಗಿರಿಯಿಂದ ಅಪ್ಪ ಹೇಳಿ ಕಳಿಸಿದರು. ನ್ಯಾಮತಿಯ ಕಡೆಯವರು ಹೆಣ್ಣು ನೋಡಲು ಬರುತ್ತಾರೆ, ಶನಿವಾರ ಹಾಲಮ್ಮ ಮನೆಯಲ್ಲಿರಬೇಕು. ಅವಳಿಗೆ ಮನಸ್ಸಿರಲಿಲ್ಲ. "ತೊಟ್ಟಿ ಆಗೋವರೆಗೂ ನನಗೆ ಮದುವೆ ಬ್ಯಾಡ ಅಂತ ಅಪ್ಪನಿಗೆ ಹೇಳಿ ಬರ್ತೀನಿ ಅಕ್ಕ. ಹೆಂಗೂ ಚೊಗರು ಮುಗಿದೈತೆ, ಇನ್ನೊಂದು ಸೀಸೆ ತರ್ತೀನಿ," ಎಂದು ಹೊರಟಳು. ಬಸ್ಸು ಹತ್ತುವ ಮೊದಲು ಎರಡೆರಡು ಸಲ ಹೇಳಿದಳು. "ಬೆಳಿಗ್ಗೆ ಸಂಜೆ ನೀರು ಹೊಯ್ಯಿ, ಒಣಗಾಕೆ ಬಿಡಬ್ಯಾಡ. ಕೈ ಮಾತ್ರ ಹಾಕಬ್ಯಾಡ."

ಭಾನುವಾರ ಮಧ್ಯಾಹ್ನ ಕೊಟ್ರಮ್ಮ ಬಂದಳು. ಮೇಲಿನ ಕೊಡಕ್ಕೆ ಮುಚ್ಚಿದ್ದ ಬಟ್ಟೆ ಎತ್ತಿ ಮೂಗು ಮುರಿದಳು.

"ಅಯ್ಯೋ ನೀಲಮ್ಮ, ಇದೇನೇ ಎಮ್ಮೆ ಹೊರಳಾಡಿದ ಹೊಂಡದಂಗೆ ಐತೆ! ನಾಳೆ ಸಾಹೇಬ್ರು, ಹಿರೇರು ಇದನ್ನ ನೋಡಿ ಆ ನೀರು ಬಾಯಿಗೆ ಹಾಕ್ತಾರೇನು? ಚನ್ನಗಿರಿ ಹೆಣ್ಣುಮಕ್ಕಳು ಪಾತ್ರೆ ತಿಕ್ಕಾಕೆ ಕಲಿತಿಲ್ಲ ಅಂತಾರೆ."

ಆ ಮಾತು ತಾಗಬೇಕಾದಲ್ಲಿ ತಾಗಿತು. ನಮ್ಮವ್ವ ನಮಗೆ ಓದು ಕೊಡಿಸದಿದ್ದರೂ ಒಂದನ್ನು ಮಾತ್ರ ಹೊಡೆದು ಕಲಿಸಿದ್ದಳು. ಮನೆಗೆ ನಾಲ್ಕು ಜನ ಬರುತ್ತಾರೆಂದರೆ ಹಿಂದಿನ ದಿನವೇ ಹುಣಸೆಹಣ್ಣು ನೆನೆಹಾಕಿ, ತಾಮ್ರ ಹಿತ್ತಾಳೆಯೆಲ್ಲ ಮುಖ ಕಾಣುವ ಹಾಗೆ ತಿಕ್ಕಿಡಬೇಕು. ಅಂದು ಹೇಗೂ ಹುಣಸೆಹಣ್ಣು ನೆನೆದಿತ್ತು. ಬಿಂದಿಗೆ, ಹಂಡೆ, ತಂಬಿಗೆ ಎಲ್ಲ ತಿಕ್ಕಿ ಮುಗಿಸಿದೆ. ಕಾಲು ತಾನಾಗಿ ಚೌಕಟ್ಟಿನ ಕಡೆ ಹೋಯಿತು.

ಹಾಲಮ್ಮ ಹೇಳಿದ್ದು ಮರೆತಿದ್ದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನೆನಪಿತ್ತು. ರಾಡಿಯೂ ಒಂದು ಕೆಲಸ ಮಾಡುತ್ತದೆ ಎಂಬುದನ್ನು ನಾನು ನಂಬಿರಲಿಲ್ಲ. ಅವಳು ಇಲ್ಲದಾಗ ನಾನು ಒಪ್ಪ ಮಾಡಿಟ್ಟರೆ ಯಜಮಾನರು ನಾಳೆ ನನ್ನ ಬಗ್ಗೆಯೂ ಒಂದು ಒಳ್ಳೆಯ ಮಾತು ಹೇಳಬಹುದು ಎಂಬ ಆಸೆಯೂ ಇತ್ತು. ಚೂರುಗಳನ್ನೆಲ್ಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದು, ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಹುಳಿ ತಾಗಿದ ಕೂಡಲೇ ಪೊರೆ ಕರಗಿ ಹರಿಯಿತು. ಹಸಿರು, ನೀಲಿ, ಕೆಂಪು ಮತ್ತೆ ಹೊರಬಂದವು. ಎಷ್ಟೋ ಚೂರುಗಳಿಂದ ಮರಳೂ ಎದ್ದುಬಂತು. ನೋಡಲು ಬಳೆ ಚೂರಿನ ಹಾಗೆ ಚಂದ ಇದ್ದವು. ಮತ್ತೆ ಕೊಡಗಳಿಗೆ ತುಂಬಿ, ಬಟ್ಟೆ ಮುಚ್ಚಿ, ಕಲ್ಲು ತೊಳೆದೆ.

ಸೋಮವಾರ ಹತ್ತರ ಹೊತ್ತಿಗೆ ಹಿತ್ತಲು ತುಂಬಿತ್ತು. ಎಂಜಿನಿಯರ ಜೀಪು ಬಂದಿತ್ತು. ಹಿರಿಯರಿಗೆ ಬೆಂಚು ಹಾಕಿದ್ದೆವು. ಹಾಲಮ್ಮನ ಬಸ್ಸು ತಡವಾಗಿ, ಅವಳು ಸ್ಟ್ಯಾಂಡಿನಿಂದ ಓಡುತ್ತ ಬಂದಳು, ಕೈಯಲ್ಲಿ ಚೊಗರಿನ ಸೀಸೆ. ಹೆಣ್ಣು ನೋಡಲು ಬಂದವರಿಗಾಗಿ ತೊಟ್ಟ ಹಸಿರು ಬಳೆ ಇನ್ನೂ ಕೈಯಲ್ಲಿದ್ದವು. ನನ್ನ ಹತ್ತಿರ ಬಂದು ಮೆಲ್ಲಗೆ, "ಅಪ್ಪ ಒಪ್ಪಿದ ಅಕ್ಕ. ತೊಟ್ಟಿ ಆಗ್ಲಿ, ಆಮೇಲೆ ನೋಡಾಣ ಅಂದ," ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

"ಶುರು ಮಾಡಮ್ಮ, ಬಿಸಿಲೇರ್ತಾ ಐತೆ," ಎಂದರು ಹಿರಿಯರೊಬ್ಬರು.

ಯಜಮಾನರು ಆಗಲೇ ಪಂಪಿನಿಂದ ತಂದ ಕೊಡವನ್ನು ಎತ್ತಿ ಬಟ್ಟೆಯ ಮೇಲೆಯೇ ಹೊಯ್ದರು. ನೀರು ಮೂರು ಕೊಡ ಇಳಿದು ಮಡಕೆಗೆ ಬಿತ್ತು. ಹಾಲಮ್ಮ ಎರಡು ಗಾಜಿನ ಲೋಟ ಇಟ್ಟು, ಒಂದಕ್ಕೆ ಪಂಪಿನ ನೀರು, ಇನ್ನೊಂದಕ್ಕೆ ಮಡಕೆಯ ನೀರು ತುಂಬಿದಳು. ಮೊದಲನೆಯದಕ್ಕೆ ಚೊಗರು ಬಿಟ್ಟಳು. ಕಪ್ಪಾಯಿತು. ಜನ ಹೋ ಎಂದರು. ಎರಡನೆಯದಕ್ಕೆ ಬಿಟ್ಟಳು.

ಅದೂ ಕಪ್ಪಾಯಿತು.

ಅವಳು ಲೋಟ ಚೆಲ್ಲಿ, ತೊಳೆದು, ಮತ್ತೆ ತುಂಬಿ, ಮತ್ತೆ ಬಿಟ್ಟಳು. ಮತ್ತೆ ಕಪ್ಪು.

ಹಿಂದಿನಿಂದ ಯಾರೋ, "ಎರಡೂ ಅವಳಿ ಮಕ್ಕಳಿದ್ದಂಗೆ ಅದಾವಲ್ಲೋ!" ಎಂದ. ಆಮೇಲೆ ನಗು ತಡೆಯಲಿಲ್ಲ. "ಒಡಕು ಕೊಡದ ಕಷಾಯ ಕುಡಿಸಾಕೆ ನಮ್ಮನ್ನ ಕರೆಸಿದ್ಯೇನಪ್ಪ ರುದ್ರಪ್ಪ?" ಎಂದು ಹಿರಿಯರೂ ನಕ್ಕರು. ಯಜಮಾನರ ಮುಖ ಸುಟ್ಟ ಬಾಣಲೆಯಂತಾಯಿತು.

ಹಾಲಮ್ಮ ಮೇಲಿನ ಕೊಡದ ಬಟ್ಟೆ ಎತ್ತಿದಳು. ಒಳಗೆ ಬಣ್ಣಬಣ್ಣದ ಚೂರು. ಒಂದನ್ನು ತೆಗೆದು ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಅಕ್ಕ, ಇದನ್ನ ಯಾರಾದ್ರೂ ಮುಟ್ಟಿದ್ರೇನು?"

ಹುಣಸೆಹಣ್ಣಿನಿಂದ ನನ್ನ ಬೆರಳ ಸಂದಿಗಳು ಬೆಳ್ಳಗೆ ಸುಲಿದಿದ್ದವು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಆಗ ನನಗೆ ಎಲ್ಲ ತಿಳಿದಿತ್ತು. ಎಂಜಿನಿಯರು ನನ್ನನ್ನು ನೋಡುತ್ತಿದ್ದರು, ಯಜಮಾನರು ನೋಡುತ್ತಿದ್ದರು, ಓಣಿ ನೋಡುತ್ತಿತ್ತು.

"ಇಲ್ಲಪ್ಪ, ಯಾರು ಮುಟ್ತಾರೆ? ನೀನು ಹೇಳಿದಂಗೇ ಬೆಳಿಗ್ಗೆ ಸಂಜೆ ನೀರು ಹೊಯ್ದೀನಿ," ಎಂದೆ.

ಅವಳು ನಂಬಿದಳು. ಅಕ್ಕ ಹೇಳಿದ ಮೇಲೆ ನಂಬದೆ ಏನು ಮಾಡುತ್ತಾಳೆ? ಚೂರನ್ನು ಕೊಡದೊಳಗೆ ಹಾಕಿ, "ಹಂಗಾದ್ರೆ ನೀರಿನ ಜತೆಗೇ ಕಳಚಿ ಹೋಗೈತೆ. ನನಗೆ ಗೊತ್ತಾಗ್ಲಿಲ್ಲ," ಎಂದು ತಲೆ ತಗ್ಗಿಸಿದಳು.

ನಾನು ತಿಕ್ಕಿದ್ದಕ್ಕಿಂತ ದೊಡ್ಡ ತಪ್ಪು ಇದು. ಪೊರೆಯನ್ನು ಮತ್ತೆ ಬೆಳೆಸಬಹುದಿತ್ತು, ಅಷ್ಟೇನೂ ದಿನ ಬೇಕಿರಲಿಲ್ಲ. ಆದರೆ ಎಲ್ಲವನ್ನೂ ಸರಿಯಾಗಿ ಮಾಡಿದರೂ ಅದು ತಾನಾಗಿಯೇ ಬಿಟ್ಟುಹೋಗುತ್ತದೆ ಎಂದು ನನ್ನ ಸುಳ್ಳು ಅವಳಿಗೆ ಕಲಿಸಿತು. ಎಂಜಿನಿಯರು ಹೋಗುವಾಗ ಅವಳ ಹತ್ತಿರ ನಿಂತು, "ಬೇಜಾರು ಮಾಡ್ಕೋಬ್ಯಾಡ್ರಿ. ಇನ್ನೊಂದ್ಸಲ ರೆಡಿ ಮಾಡಿ ಹೇಳಿ ಕಳಿಸ್ರಿ, ಖಂಡಿತಾ ಬರ್ತೀನಿ," ಎಂದರು. ಅವಳು, "ಇಲ್ಲ ಸಾರ್. ಯಾವಾಗ ಕೈ ಕೊಡ್ತತೋ ಗೊತ್ತಿಲ್ಲದ್ದನ್ನ ಊರಿಗೆ ಹೆಂಗೆ ಕೊಡೋದು?" ಎಂದಳು.

ಅದೇ ವಾರ ಚೂರುಗಳನ್ನು ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟಳು. ನ್ಯಾಮತಿಯ ಸಂಬಂಧಕ್ಕೆ ಹೂಂ ಎಂದಳು. ಮಕ್ಕಳು ಬೀದಿಯಲ್ಲಿ ಅವಳನ್ನು ಕಂಡರೆ "ಒಡಕು ಕೊಡ" ಎಂದು ಕೂಗುತ್ತಿದ್ದವು. ಒಂದು ದಿನ ನಾನು ಅವಕ್ಕೆ ಕಲ್ಲು ಬೀಸಿದೆ. ಹಾಲಮ್ಮ, "ಬಿಡು ಅಕ್ಕ, ಅವೇನು ಸುಳ್ಳು ಹೇಳ್ತಾವಾ?" ಎಂದಳು. ನಾನು ಒಳಗೆ ಹೋಗಿ ಮಗುವಿಗೆ ಹಾಲು ಕುಡಿಸುತ್ತ ಕೂತೆ.

ಮದುವೆ ಮಳೆಗಾಲಕ್ಕೆ ಮುಂಚೆ ಆಯಿತು. ಮಳೆ ಬಂದ ಮೇಲೆ ಒಂದು ದಿನ ಆ ಎಂಜಿನಿಯರ ಜೀಪು ಮತ್ತೆ ನಮ್ಮ ಬಾಗಿಲಲ್ಲಿ ನಿಂತಿತು. ಮನೆಯಲ್ಲಿ ನಾನೊಬ್ಬಳೇ ಇದ್ದೆ.

"ನಿಮ್ಮ ತಂಗಿ ಇದಾರೇನಮ್ಮ? ನಾನು ಆಮೇಲೆ ನಮ್ಮ ದೊಡ್ಡ ಸಾಹೇಬ್ರನ್ನ ಕೇಳಿದೆ. ಆ ಕೆಂಪು ಪೊರೆ ಹಂಗೆ ಸುಮ್ಸುಮ್ನೆ ಬಿಡಲ್ಲವಂತೆ. ಹುಳಿಗಿಳಿ ಏನಾದ್ರೂ ತಾಗಿರಬೇಕು ಅಂದ್ರು. ಅವರನ್ನ ಕೇಳಿದ್ರೆ ಗೊತ್ತಾಗ್ತಿತ್ತು."

ನನ್ನ ಬಾಯಿಯವರೆಗೂ ಬಂತು. ಅವರ ಚಪ್ಪಲಿಗೆ ಹತ್ತಿದ ಕೆಸರನ್ನು ನೋಡುತ್ತ, "ಅವಳು ಮದುವೆಯಾಗಿ ಹೋದಳು ಸಾರ್," ಎಂದೆ. "ಹೌದಾ? ಒಳ್ಳೇದಾಗ್ಲಿ," ಎಂದು ಅವರು ಹೋದರು. ತಮಗೆ ವರ್ಗವಾಗಿದೆ ಎಂದೂ ಹೇಳಿದರು.

ಯಜಮಾನರು ಹೇಳಿದಂತೆಯೇ ಭಟ್ಟಿ ಆರಿಸಿದರು. ಬೇರೆಯವರ ಭಟ್ಟಿಯಲ್ಲಿ ಬಾಣಲೆ ಹಿಡಿದರು. ಓಣಿಯವರು ನಲ್ಲಿ ಬರುವವರೆಗೂ ಎಷ್ಟೋ ವರ್ಷ ಆ ಕೆಂಪು ನೀರನ್ನೇ ಸೋಸಿಕೊಂಡು ಕುಡಿದರು. ಬಟ್ಟೆಯ ಮೇಲಿನ ಕಲೆಗೆ ನಾನೂ ಎಲ್ಲರ ಜತೆ ಬೈಯುತ್ತಿದ್ದೆ. ಯಜಮಾನರು ತೀರಿಕೊಳ್ಳುವವರೆಗೂ ಅವರಿಗೂ ಹೇಳಲಿಲ್ಲ. ಹಾಲಮ್ಮನ ಸಂಸಾರ ಕೆಟ್ಟದಾಗೇನೂ ಆಗಲಿಲ್ಲ. ಗಂಡ ಒಳ್ಳೆಯವನು, ಮಕ್ಕಳು ನೆಟ್ಟಗಾದರು. ಎಲ್ಲ ಸರಿಯಿದೆಯಲ್ಲ, ಈಗ ಯಾಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಆ ಬೇಸಿಗೆಯ ನಂತರ ಅವಳು ಯಾವುದನ್ನೂ ಮೊದಲಿನ ಹಾಗೆ ಕುಕ್ಕರಗಾಲಲ್ಲಿ ಕೂತು ನೋಡಿದ್ದನ್ನು ನಾನು ಕಾಣಲಿಲ್ಲ. ಕರೆದರೆ ಒಂದೇ ಸಲಕ್ಕೆ ಓಗೊಡುತ್ತಿದ್ದಳು.

ಕಪ್ಪಾದ ಚಾ ನನ್ನ ಕೈಯಲ್ಲಿ ತಣ್ಣಗಾಗಿತ್ತು. ಸೊಸೆ ಲೋಟ ತೆಗೆದುಕೊಂಡು, "ಅತ್ತೆ, ಇದಕ್ಕೇನಾದ್ರೂ ಮಾಡಾಕೆ ಬರ್ತತೇನು? ದಿನಾ ಎಲ್ಲಿ ಕ್ಯಾನಿನ ನೀರು ತರೋದು?" ಎಂದು ಕೇಳಿದಳು.

ಹಾಲಮ್ಮ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ನಾನೂ ವಯಸ್ಸಿನಾಗೆ ಏನೋ ಮಾಡಾಕೆ ಹೋಗಿದ್ದೆ ಕಣಮ್ಮ. ಒಡಕು ಕೊಡದ ಚೂರಿಗೆ ಮರಳು ಹಚ್ಚಿ. ನಿಲ್ಲಲಿಲ್ಲ, ತಾನೇ ಕಳಚಿ ಹೋತು. ಆವತ್ತೇ ಗೊತ್ತಾಗಿದ್ದು ಒಳ್ಳೇದಾತು. ಇಲ್ಲಾಂದ್ರೆ ಊರಿಗೆಲ್ಲ ಹಾಕಿಸಿ ಉಗಿಸ್ಕಂತಿದ್ದೆ. ನಮ್ಮಕ್ಕನೇ ಇದಾಳಲ್ಲ, ಅವಳನ್ನೇ ಕೇಳು. ದಿನಾ ನೀರು ಹೊಯ್ದೋಳು ಅವಳೇ."

ಇಬ್ಬರೂ ನನ್ನ ಕಡೆ ನೋಡಿದರು. ಹೊರಗೆ ಬಚ್ಚಲ ಕಲ್ಲಿನ ಮೇಲೆ ಕೆಂಪು ಗಸಿ ಕಟ್ಟಿದ ಪ್ಲಾಸ್ಟಿಕ್ ಬಕೀಟು ಕಾಣುತ್ತಿತ್ತು. ನಾನು ಗೋಡೆ ಹಿಡಿದು ಎದ್ದು, ಅವಳ ಹತ್ತಿರ ಹೋಗಿ ಕೂತು, ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದೆ. ಅವಳ ಕೈ ಹಿಡಿದುಕೊಂಡೆ.

"ಹಾಲಮ್ಮ, ಅದು ಕಳಚಿ ಹೋಗಿದ್ದಲ್ಲ. ನೀನು ಚನ್ನಗಿರಿಗೆ ಹೋಗಿದ್ದಾಗ ನಾನು ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಬ್ಯಾಡ ಅಂತ ನೀನು ಹೇಳಿದ್ದು ನೆನಪಿತ್ತು, ಆದ್ರೂ ತಿಕ್ಕಿದೆ. ಎಲ್ಲರೆದುರು ನೀನು ಕೇಳಿದಾಗ ಇಲ್ಲ ಅಂದೆ. ನಿನ್ನ ಹೆಪ್ಪು ಸರಿಯಾಗೇ ಇತ್ತು ಕಣವ್ವ. ತಪ್ಪು ನಂದು. ಹೊಟ್ಟೆಗೆ ಹಾಕ್ಕೋ."